ಲಗ್ನಪತ್ರಿಕೆ, ಚಹಾ ಮತ್ತು ಹಲ್ಲಿನ ತಂತಿ

ಎಮ್ಮೆಯ ಮುಸುರೆ ಬಕೆಟ್ಟಿಗೆ ಕೈ ಹಾಕಿ ಹಲ್ಲು ಹುಡುಕಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಈಚೆಗೆ ನಾನು ಹುಡುಕಿದೆ. (ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದೆ. ಸಾಲಲಿಲ್ಲ.)

ಹಲ್ಲೆಂದರೆ ನಿಜವಾದ ಹಲ್ಲಲ್ಲ, ಹಲ್ಲಿಗೆ ಹಾಕುವ ಅಲೈನರ್. ತೆಳ್ಳನೆಯ ಪ್ಲಾಸ್ಟಿಕ್ ಅಚ್ಚು. ಹಾಕಿಕೊಂಡರೆ ಕಾಣುವುದಿಲ್ಲ, ಮೆಲ್ಲಗೆ ಹಲ್ಲನ್ನು ಸಾಲಿಗೆ ತರುತ್ತದೆ. ಅದು ನನ್ನ ಅಕ್ಕನ ಕಿರಿಮಗಳು ಸಹನಾಳದು.

ಸಹನಾಳ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿ ಕುಳಿತಿವೆ. ಕಾಲೇಜಿನಲ್ಲಿ ಯಾರೋ ಏನೋ ಅಂದರಂತೆ. ಅಂದಿನಿಂದ ಫೋಟೊ ಅಂದರೆ ತುಟಿ ಬಿಗಿ. ನಮ್ಮ ಮನೆಯವರನ್ನೆಲ್ಲ ನಗಿಸುವವಳು ಅವಳೇ, ಆದರೆ ತಾನು ನಗುವಾಗ ದುಪಟ್ಟಾ ಬಾಯಿಗೆ ಅಡ್ಡ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ದಂತವೈದ್ಯೆ ಎರಡು ದಾರಿ ಹೇಳಿದ್ದರು. "ಎರಡರಿಂದನೂ ಹಲ್ಲು ಸರಿ ಆಗ್ತಾವ. ತಂತಿ ಕಾಣತೈತಿ, ಮೊದಮೊದಲು ತುಟಿಗೆ ಒತ್ತತೈತಿ, ತಿಕ್ಕಿ ತಿಕ್ಕಿ ಸ್ವಚ್ಛ ಇಟ್ಕೋಬೇಕು. ಅಲೈನರ್ ಕಾಣೂದಿಲ್ಲ. ಆದ್ರ ತಿನ್ನೂ ಮುಂದ ತಗೀಬೇಕು, ಬಾಯಿ ತೊಳಕೊಂಡು ಮತ್ತ ಹಾಕ್ಕೋಬೇಕು. ಬಾಯಾಗ ಇದ್ರಷ್ಟ ಕೆಲಸ ಮಾಡತೈತಿ."

ಕೊನೆಯ ಮಾತು ಅಕ್ಕನ ಕಿವಿಗೆ ಬೀಳಲೇ ಇಲ್ಲ. ಹಿರಿಮಗಳ ಮದುವೆ ಗೊತ್ತಾಗಿತ್ತು. "ಲಗ್ನಕ್ಕ ಬಂದವ್ರು ಸಣ್ಣಾಕಿನ್ನೂ ನೋಡ್ತಾರಲ್ಲೋ. ಬಾಯಿ ತುಂಬ ತಂತಿ ಕಂಡ್ರ ಏನಂದಾರು? ಕಾಣಲಾರದ್ದ ಇರ್ಲಿ." ತೀರ್ಮಾನವಾಯಿತು. ಸಹನಾಳನ್ನು ಯಾರೂ ಕೇಳಲಿಲ್ಲ.

ಅಚ್ಚು ಬಂದು ಬಾಯಿಗೇರಿತು. ಅಷ್ಟರಲ್ಲಿ ಲಗ್ನಪತ್ರಿಕೆಯೂ ಮುದ್ರಣವಾಗಿ ಬಂತು. ನಮ್ಮ ಕಡೆ ಪತ್ರಿಕೆಯನ್ನು ಬರೀ ವಾಟ್ಸಾಪಿನಲ್ಲಿ ಕಳಿಸಿದಿರೋ, ಜನ್ಮಕ್ಕಾಗುವಷ್ಟು ಮುನಿಸು. ಮನೆಗೇ ಹೋಗಬೇಕು, ಅರಿಸಿನ ಕುಂಕುಮ ಹಚ್ಚಿ ಕೊಡಬೇಕು, ಕೊಟ್ಟಲ್ಲೆಲ್ಲ ಏನಾದರೂ ತಿನ್ನಬೇಕು. ಕಾರು ನನ್ನದು, ಡ್ರೈವರ್ ನಾನೇ. ಅಕ್ಕ, ಸಹನಾ, ನಾನು ಹಾನಗಲ್ಲಿನಿಂದ ಹೊರಟೆವು.

ಶಿಗ್ಗಾಂವಿಯಲ್ಲಿ ಉಪ್ಪಿಟ್ಟು. ಅಚ್ಚು ತೆಗೆ, ತಿನ್ನು, ಬಾಯಿ ತೊಳೆ, ಹಾಕು. ಪಕ್ಕದ ಮನೆಯವರು ಚಹಾ ಅಂದರು. ಮತ್ತೆ ತೆಗೆ. ಸವಣೂರಿನಲ್ಲಿ ಅಪ್ಪನ ಹಳೆಯ ಗೆಳೆಯ, ಬಟ್ಟೆ ವ್ಯಾಪಾರದ ಕರೀಂ ಚಾಚಾ, "ಏನೂ ತಿನ್ನಲಾರ್ದ ಹೊಂಟ್ರ ಹ್ಯಾಂಗ ಬೇಟಿ?" ಅಂದರು. ಖಾರಾ ಬಂತು, ಚಹಾ ಬಂತು, ಬಾಳೆಹಣ್ಣೂ ಬಂತು. ಬೇಡ ಅನ್ನುವ ಧೈರ್ಯ ಯಾರಿಗಿದೆ? ಅಚ್ಚು ಬಾಯಿಗಿಂತ ತನ್ನ ಡಬ್ಬಿಯಲ್ಲೇ ಹೆಚ್ಚು ಹೊತ್ತು ಕಳೆಯಿತು.

ಹಿರೇಕೆರೂರು ಮುಗಿಸಿ ಚಿಕ್ಕೇರೂರಿನ ಗಂಗವ್ವ ಅತ್ತಿಯ ಮನೆಗೆ ಬಂದಾಗ ಸಹನಾ ಸುಸ್ತಾಗಿದ್ದಳು. ಡಬ್ಬಿ ಕಾರಿನಲ್ಲೇ ಉಳಿದಿತ್ತು. ಅಚ್ಚನ್ನು ಕಾಗದದಲ್ಲಿ ಸುತ್ತಿ ತಾಟಿನ ಅಂಚಿಗೆ ಇಟ್ಟು ಶಿರಾ ತಿಂದಳು. ಅತ್ತಿ ತಾಟು ಎತ್ತಿ, ಉಳಿದದ್ದನ್ನು ಎಮ್ಮೆಯ ಬಕೆಟ್ಟಿಗೆ ಬಳಿದರು. ಕಾಣದ್ದೇ ಇರಲಿ ಅಂದಿದ್ದವರೆಲ್ಲ ಈಗ ಕಾಣದ್ದನ್ನು ಹುಡುಕತೊಡಗಿದೆವು!

ಸಿಕ್ಕಿತು. ಆದರೆ ಅತ್ತಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಸಹನಾಳತ್ತ ತಿರುಗಿದರು. "ಅಯ್ಯ ನನ್ನವ್ವ, ಮುಸುರ್ಯಾಗ ಬಿದ್ದದ್ದನ್ನ ಹಂಗ ಬಾಯಾಗ ಹಾಕ್ಕೊಂತಿ? ತಡಿ, ತೊಳದು ಕೊಡ್ತೇನಿ."

ಒಲೆಯ ಮೇಲೆ ಚಹಾಕ್ಕಿಟ್ಟ ನೀರು ಕುದಿಯುತ್ತಿತ್ತು. ನಾವು ಬೇಡ ಅನ್ನುವಷ್ಟರಲ್ಲಿ ಅಚ್ಚು ಅದರೊಳಗೆ. ಬಿಸಿನೀರು ಅದಕ್ಕೆ ಆಗಿಬರುವುದಿಲ್ಲ ಅಂತ ಪಾಪ ಅವರಿಗೇನು ಗೊತ್ತು? ಇಕ್ಕಳದಲ್ಲಿ ಹಿಡಿದೆತ್ತಿದಾಗ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡಿತ್ತು.

ಅತ್ತಿಯ ಮುಖ ಸಣ್ಣದಾಯಿತು. ಅಕ್ಕ ಅಳುವುದೊಂದು ಬಾಕಿ. ಸಹನಾ? ನಕ್ಕಳು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಬಾಯಿ ತುಂಬ ನಕ್ಕಳು. ದುಪಟ್ಟಾ ಹೆಗಲ ಮೇಲೆಯೇ ಇತ್ತು. ಎಷ್ಟು ವರ್ಷವಾಗಿತ್ತು ಆ ನಗು ನೋಡಿ!

"ಹೊಸಾದು ತರಿಸಿದ್ರಾತು ಬಿಡು" ಅಂದೆ.

"ಬ್ಯಾಡ ಮಾಮಾ. ತಂತಿ ಹಾಕಸ್ಕೊಂತೇನಿ. ಯಾರರ ಕೇಳಿದ್ರ ಹಲ್ಲು ಸರಿ ಮಾಡಸಾಕತ್ತೇನಿ ಅಂತೇನಿ. ಅದ್ರಾಗ ಮುಚ್ಚಿಡೂದು ಏನೈತಿ?"

ಅಲೈನರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. (ಅದರಿಂದಲೇ ಹಲ್ಲು ನೆಟ್ಟಗಾದವರು ದಯವಿಟ್ಟು ಫೋನ್ ಮಾಡಬೇಡಿ.) ಡಬ್ಬಿ ಮರೆಯದ, ಚಹಾ ಬೇಡವೆನ್ನಬಲ್ಲ ಗಟ್ಟಿಗರಿಗೆ ಅದು ಒಳ್ಳೆಯದೇ. ಆದರೆ ನಾವು ಅದನ್ನು ಆರಿಸಿದ್ದು ಅವಳ ಹಲ್ಲಿಗಾಗಿಯೋ, ನೋಡುವವರ ಕಣ್ಣಿಗಾಗಿಯೋ? ಕನ್ನಡಕ ಹಾಕಿಕೊಂಡವರು ಯಾರಿಗೂ ಸಬೂಬು ಹೇಳುವುದಿಲ್ಲ. ಹಲ್ಲಿಗೆ ಮಾತ್ರ ಏಕೆ ಇಷ್ಟು ಗುಟ್ಟು?

ಈ ಸೋಮವಾರ ತಂತಿ ಹಾಕಿಸಿದ್ದಾಯಿತು. ಹಲ್ಲು ನೋಯುತ್ತಿದೆ, ಗಂಜಿಯೇ ಊಟ. ತಂತಿ ಹಿಡಿದಿಡುವ ಪುಟ್ಟ ರಬ್ಬರ್ ಉಂಗುರಗಳಿಗೆ ಬಣ್ಣ ಆರಿಸಿಕೊಳ್ಳಬಹುದಂತೆ. ಲಗ್ನಕ್ಕೆ ಉಡುವ ಸೀರೆಯ ಹಸಿರನ್ನೇ ಆರಿಸಿದ್ದಾಳೆ.

ಮನೆಗೆ ಬಂದವಳ ಗಲ್ಲ ಹಿಡಿದು, ಬಾಯಿ ತೆಗೆಸಿ, ಬೆಳಕಿಗೆ ತಿರುಗಿಸಿ ಅಕ್ಕ ಬಹಳ ಹೊತ್ತು ನೋಡಿದಳು. ಬೈಗುಳಕ್ಕೆ ನಾವಿಬ್ಬರೂ ಸಿದ್ಧರಾಗಿ ನಿಂತೆವು.

"ಗುಲಾಬಿ ಇರ್ಲಿಲ್ಲೇನ? ರವಿಕಿಗೆ ಮ್ಯಾಚ್ ಆಗ್ತಿತ್ತು!"