ಬಾದಾಮಿ ಹಣ್ಣಿಗೊಂದು ಬೊಟ್ಟು

ಕೋಲಾರದ ಬಸ್ ನಿಲ್ದಾಣದ ಬಳಿ ಇವತ್ತು ಕೊಂಡ ಬಾದಾಮಿ ಮಾವಿನ ಮೇಲೆ ಪುಟ್ಟ ಗುಂಡನೆಯ ಚೀಟಿಯೊಂದಿತ್ತು. ಉಗುರಿನಿಂದ ಎಬ್ಬಿಸಿ ದಿನಚರಿಯ ಪುಟಕ್ಕೆ ಅಂಟಿಸಿದೆ. ಎಲ್ಲವನ್ನೂ ಬರೆದಿಡುವುದು ನನ್ನ ಚಟ. ಮಾವಿನ ಕಾಲದಲ್ಲಿ ತಿಂದ ಹಣ್ಣುಗಳಿಗೂ ಗೀಟು ಹಾಕಿ ಲೆಕ್ಕವಿಡುತ್ತೇನೆ. ಮನೆಯವರು ನಗುತ್ತಾರೆ, ನೀವೂ ನಗಬಹುದು. ಆ ಚೀಟಿ ಹಣ್ಣಿನ ಮೇಲೂ ಸುಕ್ಕಾಗಿರಲಿಲ್ಲ, ಪುಟದ ಮೇಲೂ ಸುಕ್ಕಾಗಲಿಲ್ಲ. ರಾಯಲ್ಪಾಡಿನ ಚಿಕ್ಕಪ್ಪನ ತೋಟ ನೆನಪಾಯಿತು.

ನಾನು ಪಿಯುಸಿ ಮುಗಿಸಿದ ಬೇಸಿಗೆ ಅದು. ಚಿಕ್ಕಪ್ಪನ ತೋಟದ ಹಣ್ಣು ಪ್ರತಿವರ್ಷ ಶ್ರೀನಿವಾಸಪುರದ ಮಂಡಿಗೆ ಹೋಗಿ, ಹತ್ತಾರು ತೋಟಗಳ ರಾಶಿಯಲ್ಲಿ ಬೆರೆತು ಗುರುತಿಲ್ಲದಂತಾಗುತ್ತಿತ್ತು. ಆ ವರ್ಷ ಕೋಲಾರದ ಅಂಗಡಿಯವರೊಬ್ಬರು, "ಹಣ್ಣಿನ್ಮೇಲೆ ನಿಮ್ಮ ಹೆಸರು ಹಾಕಿ ಕಳ್ಸಿ, ಬೇರೆ ಇಟ್ಟು ಮಾರ್ತೀನಿ" ಎಂದಿದ್ದರು. ಚಿಕ್ಕಪ್ಪ ಹಿಗ್ಗಿಹೋದರು. ಚೀಟಿಯ ಕೆಲಸವನ್ನು ಮನೆಯ ಗಣಿತ ಪಂಡಿತನಾದ ನನಗೇ ಒಪ್ಪಿಸಿದರು.

ಪಂಡಿತ ಹಣ್ಣಿನ ಸುತ್ತಳತೆ ತೆಗೆದ, ಉದ್ದ ತೆಗೆದ. ಊರು, ತಾಲ್ಲೂಕು, ಚಿಕ್ಕಪ್ಪನ ಹೆಸರು ದೊಡ್ಡದಾಗಿ, ಮೂಲೆಯಲ್ಲಿ ಸಣ್ಣದಾಗಿ ಚಿಕ್ಕಮ್ಮನ ಹೆಸರು, ಎಲ್ಲ ಹಿಡಿಸುವಷ್ಟು ಅಗಲದ ಚೀಟಿಗಳನ್ನು ಅಚ್ಚು ಹಾಕಿಸಿ ತಂದ. ತೋಟದ ಶೆಡ್ಡಿನಲ್ಲಿ ಮೊದಲ ಹಣ್ಣಿಗೆ ಅಂಟಿಸಿದೆವು. ನಡುವೆ ಒತ್ತಿದರೆ ಅಂಚು ಎದ್ದಿತು. ಅಂಚು ಒತ್ತಿದರೆ ಅಕ್ಷರಗಳ ಮೇಲೆಲ್ಲ ನೆರಿಗೆ ಬಿತ್ತು.

"ಏನ್ಲಾ ಇದು, ಹಣ್ಣಾಗೋಕ್ಮುಂಚೆನೇ ಮುಪ್ಪು ಬಂದೈತಲ್ಲೋ" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ನಗಲಿಲ್ಲ. "ಸಂಜೆಗೆ ಟೆಂಪೋ ಬರ್ತೈತೆ. ಈ ವರ್ಷಾನೂ ಮಂಡಿಗೇ ಕಳಿಸ್ಬಿಡೋಣ ಬಿಡು" ಎಂದರು.

ಸೀಸೆಗೆ ಕಾಗದ ಸಲೀಸಾಗಿ ಸುತ್ತಿಕೊಳ್ಳುತ್ತದೆ, ಅದರ ಮೈ ಬಾಗಿರುವುದು ಒಂದೇ ಕಡೆಗೆ. ಮಾವು ಅಡ್ಡಕ್ಕೂ ಬಾಗಿದೆ, ಉದ್ದಕ್ಕೂ ಬಾಗಿದೆ. ಸಮತಲವಾದ ಕಾಗದ ಹರಿಯದೆ, ಸುಕ್ಕಾಗದೆ ಅಂಥ ಮೈಗೆ ಒಗ್ಗುವುದಿಲ್ಲ. ಸಮತಲ, ಗೋಳ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನಿಗೆ ಇದು ಹೊಳೆದದ್ದು ಅಚ್ಚಾದ ಮೇಲೆ.

ಅಷ್ಟರಲ್ಲಿ ಚಿಕ್ಕಮ್ಮ ಬೆವರಿದ ಮುಖ ತೊಳೆಯಲು ಎದ್ದರು. ಮನೆಯಲ್ಲಾದರೆ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಕಿತ್ತು ಕನ್ನಡಿಗೆ ಅಂಟಿಸುತ್ತಾರೆ. ಶೆಡ್ಡಿನಲ್ಲಿ ಕನ್ನಡಿ ಎಲ್ಲಿ? ಕೈಗೆ ಸಿಕ್ಕ ಹಣ್ಣಿಗೆ ಅಂಟಿಸಿ ಹೋದರು. ಬೊಟ್ಟು ಒಂದು ನೆರಿಗೆಯೂ ಇಲ್ಲದೆ ಕೂತಿತ್ತು. ಎಷ್ಟೇ ಬಾಗಿದ ಮೈಯಾದರೂ ಒಂದು ಬಿಂದುವಿನ ಸುತ್ತ ಇಷ್ಟೇ ಇಷ್ಟು ಜಾಗ ಹೆಚ್ಚುಕಡಿಮೆ ಸಮತಲವೇ. ಆ ಬಿಂದುವಿನಲ್ಲಿ ತಾಗಿ ನಿಲ್ಲುವ ಸಮತಲಕ್ಕೆ ಪುಸ್ತಕದಲ್ಲಿ ಸ್ಪರ್ಶತಲ ಎನ್ನುತ್ತಾರೆ. ನಾನು ಕತ್ತರಿ ಹುಡುಕಿದೆ.

"ಚಿಕ್ಕಪ್ಪ, ಬೊಟ್ಟಿನಷ್ಟು ಕತ್ತರಿಸಿದ್ರೆ ಕೂರ್ತೈತೆ. ಆದ್ರೆ ಅಷ್ಟ್ರೊಳಗೆ ಹಿಡಿಸೋದು ಮೂಲೇಲಿರೋ ಚಿಕ್ಕಮ್ಮನ ಹೆಸರೊಂದೇ. ನಿಮ್ದು ದೊಡ್ಡದಾಯ್ತು."

ಅವರು ಬೊಟ್ಟಿಟ್ಟ ಹಣ್ಣನ್ನು ತಿರುಗಿಸಿ ನೋಡಿದರು. "ಅವಳ್ದೇ ಇರ್ಲಿ ಬಿಡೋ. ಒಂದೊಂದ್ ಹಣ್ಣೂ ಅವಳ ಕೈಯಾರೆ ಬೆಳೆದಿರೋದು."

ಸೆರಗಿನಲ್ಲಿ ಮುಖ ಒರೆಸುತ್ತ ಬಂದ ಚಿಕ್ಕಮ್ಮ ಎಂದಿನಂತೆ ತೆಲುಗು ಬೆರೆಸಿ, "ಏಮಿರಾ, ನನ್ನ ಬೊಟ್ಟೆಲ್ಲೋ?" ಎಂದರು.

"ಹಣ್ಣು ಇಟ್ಕೊಂಡೈತೆ ಚಿಕ್ಕಮ್ಮ."

ವಿಷಯ ತಿಳಿದು, "ನನ್ ಹೆಸರು ಯಾರಿಗೆ ಬೇಕು" ಎಂದು ಗೊಣಗಿದರು. ಆದರೆ ಟೆಂಪೋ ಬರುವವರೆಗೂ ಒಂದೊಂದು ಚೀಟಿಯನ್ನೂ ಸೊಟ್ಟಗಾಗದಂತೆ ಅಂಟಿಸಿದವರು ಅವರೇ.

ಇವತ್ತು ನಾನು ಹಣ್ಣು ಆರಿಸುತ್ತಿದ್ದಾಗ ಪಕ್ಕದಲ್ಲೊಬ್ಬರು, "ಸುಗುಣ ಬಂದೈತೇನ್ರೀ?" ಎಂದು ಅಂಗಡಿಯವರನ್ನು ಕೇಳಿದರು. ಸುಗುಣ ನಮ್ಮ ಚಿಕ್ಕಮ್ಮನ ಹೆಸರು, ನನ್ನ ಕೈಯಲ್ಲಿದ್ದ ಹಣ್ಣಿನ ಚೀಟಿಯ ಮೇಲಿದ್ದದ್ದೂ ಅದೇ. ಕೇಳಿದವರು ಯಾರೋ, ನಮ್ಮವರಲ್ಲ. ಹಣ್ಣಿಗೆ ಹೆಸರೇ ಅದು ಎಂಬಂತೆ ಕೇಳಿದರು.

ಇಷ್ಟು ವರ್ಷ ನನ್ನ ಗೀಟುಗಳೆಲ್ಲ 'ಬಾದಾಮಿ' ಎಂಬ ಸಾಲಿನಲ್ಲೇ ಬೀಳುತ್ತಿದ್ದವು. ಇವತ್ತು ಚೀಟಿಯ ಪಕ್ಕ 'ಸುಗುಣ' ಎಂದು ಹೊಸ ಸಾಲು ಬರೆದು, ಮೊದಲ ಗೀಟು ಎಳೆದೆ.