ಭಂಗಿ ಸೊಪ್ಪಿನ ಮೇಲಿನ ನೇಯ್ಗೆ

ನಮ್ಮ ಹಿತ್ತಲಲ್ಲಿ ಏನೇನಿದೆ ಎಂದು ಯಾರಾದರೂ ಕೇಳಿದರೆ ನಾನು ತುಳಸಿ, ದಾಸವಾಳ, ಲಿಂಬೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತೇನೆ. ಸುಳ್ಳೇನೂ ಅಲ್ಲ, ಲಿಂಬೆಯ ಆಚೆ ನೋಡಬೇಡಿ ಎಂದಷ್ಟೇ ಅರ್ಥ. ಅಲ್ಲಿ, ಬಾವಿಯ ಕಟ್ಟೆಗೆ ಹೊಂದಿಕೊಂಡು, ಒಂದು ಮಡಿ ಭಂಗಿ ಸೊಪ್ಪು ಬೆಳೆದಿದೆ. ಸಸ್ಯಶಾಸ್ತ್ರ ಓದಿ ಬಂದ ಹುಡುಗಿಯ ಬಾಯಿಂದ ಆ ಹೆಸರು ಬಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಮ್ಮ ಕಾಕಾನ ಕಣ್ಣು ಕೆಂಪಾಗಿದೆಯೇ ಎಂದು ನೋಡುತ್ತಾರೆ.

ಕಾಕಾ ರಬಕವಿಯಲ್ಲಿ ವೈದ್ಯರು. ಅಡಿಕೆಗಿಂತ ದೊಡ್ಡ ಚಟ ಅವರಿಗಿಲ್ಲ. ಹಳೆಯ ಅತಿಸಾರಕ್ಕೆ ಅವರು ಕೊಡುವ ಚೂರ್ಣದಲ್ಲಿ ಈ ಎಲೆ ಸ್ವಲ್ಪ ಸೇರುತ್ತದೆ. ಸಂಸ್ಥಾನದ ಕಾಲದಲ್ಲಿ ಅದನ್ನು ಅಂಗಡಿಯಿಂದ ತರುತ್ತಿದ್ದರಂತೆ. ಮುಂಬಯಿ ಸರಕಾರ ಬಂದು ಪಾನನಿರೋಧ ಜಾರಿಯಾದ ಮೇಲೆ ಅಂಗಡಿ ಮುಚ್ಚಿತು; ಬಹಳ ಓಡಾಡಿ ಔಷಧಕ್ಕಾಗಿ ಒಂದು ಮಡಿ ಬೆಳೆಸಲು ಪರವಾನಗಿ ಪಡೆದರು. ಕಳೆದ ಸಲ ಮಡಿ ನೋಡಲು ಬಂದ ಅಬಕಾರಿ ಸಾಹೇಬರು ಮಾತ್ರ ಹೋಗುವಾಗ, ಗಿಡ ನಿಂತರೆ ನಿಲ್ಲಲಿ, ಒಣಗಿಹೋದರೆ ಮತ್ತೆ ಬಿತ್ತುವ ಮಾತು ಬೇಡ, ಇಬ್ಬರಿಗೂ ತಲೆನೋವು ಕಡಿಮೆಯಾದೀತು ಎಂದು ಹೇಳಿ ಹೋಗಿದ್ದರು. ಅದು ಸಲಹೆಯೋ ಹಾರೈಕೆಯೋ ನಮಗೆ ತಿಳಿಯಲಿಲ್ಲ.

ದೀಪಾವಳಿ ಮುಗಿದು ಗಾಳಿ ಒಣಗಿದ ಹೊತ್ತಿಗೆ ಎಲೆಗಳ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಕಂಡವು, ಯಾರೋ ಸೂಜಿಯಿಂದ ಚುಚ್ಚಿದ ಹಾಗೆ. ಕಾಕಾ ಬಿಸಿಲೆಂದರು, ನಾನು ಗೊಬ್ಬರದ ಕೊರತೆಯೆಂದೆ. ಇಬ್ಬರೂ ನಮ್ಮ ನಮ್ಮ ವಿದ್ಯೆಗೆ ತಕ್ಕ ತಪ್ಪನ್ನೇ ಮಾಡಿದ್ದೆವು. ಚುಕ್ಕೆಗಳು ಕೂಡಿ ಎಲೆ ಕಂಚಿನ ಬಣ್ಣಕ್ಕೆ ತಿರುಗಿದಾಗ ಒಂದನ್ನು ಬಿಳಿ ಕಾಗದದ ಮೇಲೆ ತಟ್ಟಿದೆ. ರವೆಯ ಪುಡಿಗಿಂತ ಸಣ್ಣ ಧೂಳು ಉದುರಿತು. ಉದುರಿದ ಧೂಳು ನಡೆಯತೊಡಗಿತು. ನುಸಿ. ಎಲೆಯ ಬೆನ್ನಿಗೆ ಅಂಟಿಕೊಂಡು ರಸ ಹೀರುವ ಜಾತಿ. ಎಲೆಯಡಿಯಲ್ಲಿ, ಕವಲುಗಳ ನಡುವೆ, ಅದರ ನವಿರಾದ ಬಲೆಯೂ ಇತ್ತು.

ಈ ಬಲೆ ನಮಗೆ ಹೊಸದು, ಗಂಗವ್ವನಿಗೆ ಹಳೆಯದು. ಗಂಗವ್ವ ಪಕ್ಕದ ಮನೆಯವಳು, ನೇಕಾರರ ಸೊಸೆ. ಬಾವಿ ಎರಡು ಮನೆಗೂ ಸೇರಿದ್ದು, ಹೀಗಾಗಿ ಮಡಿಗೆ ನೀರು ಹಾಕುತ್ತಿದ್ದವಳು ಅವಳೇ. ಬಲೆಯನ್ನು ಅವಳು ಎಂದೋ ನೋಡಿ, ಅದಕ್ಕೆ ನೀರು ತಾಗದಂತೆ ಬರೀ ಬುಡಕ್ಕೆ ಹನಿಸುತ್ತ ಬಂದಿದ್ದಳು. ಅವರ ಮನೆಯಲ್ಲಿ ಜೇಡನ ಬಲೆ ಕೆಡಿಸುವುದಿಲ್ಲ. ಮಗ್ಗದ ಮೇಲಿನ ತೊಲೆಯಲ್ಲಿ ಅವು ವಂಶಪಾರಂಪರ್ಯವಾಗಿ ಇವೆ. ನುಸಿಗೆ ಬೇಕಾದದ್ದು ಒಣ ಎಲೆ, ಧೂಳು ಮತ್ತು ನಿರಾತಂಕ. ಗಂಗವ್ವ ಮೂರನ್ನೂ ಭಕ್ತಿಯಿಂದ ಒದಗಿಸಿದ್ದಳು.

ನಷ್ಟವಾಗುವುದು ಅವಳಿಗೇ. ಅವಳ ಮಾವ ತಿಂಗಳಿಂದ ಹೊಟ್ಟೆ ಕೆಟ್ಟು ಮಲಗಿದ್ದರು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿಯುವ ಶಕ್ತಿ ಇರಲಿಲ್ಲ. ಅವರಿಗೆ ಹಿಡಿಸಿದ ಔಷಧ ಈ ಚೂರ್ಣವೊಂದೇ, ಅದೂ ಡಬ್ಬಿಯ ತಳ ಕಂಡಿತ್ತು. ಹೊಸ ಎಲೆ ಬಾರದಿದ್ದರೆ ಕಾಕಾನ ಕೈಯಲ್ಲಿ ಕೊಡಲು ಏನೂ ಉಳಿಯುತ್ತಿರಲಿಲ್ಲ.

ಉಪಾಯ ನನಗೆ ಹೊಳೆದದ್ದು ಕಾಲೇಜಿನ ತೋಟದಿಂದ. ಅಲ್ಲಿ ಗಂಧಕದ ಪುಡಿ ಹೊಡೆಯುತ್ತಿದ್ದರು, ತಂಬಾಕಿನ ನೀರನ್ನೂ ಹೊಡೆಯುತ್ತಿದ್ದರು. ಹೊಟ್ಟೆಗೆ ಹೋಗುವ ಎಲೆಗೆ ಎರಡೂ ಸಲ್ಲ. ಆದರೆ ಹಿಟ್ಟಿನ ತಿಳಿ ಅಂಬಲಿಯನ್ನೂ ಸಿಂಪಡಿಸುತ್ತಿದ್ದರು. ಅದು ಒಣಗಿದಾಗ ನುಸಿ ಇದ್ದಲ್ಲೇ ಅಂಟಿಕೊಂಡು ಸಾಯುತ್ತದೆ, ಮರುದಿನ ತೊಳೆದರೆ ಎಲೆ ಸ್ವಚ್ಛ. ನೇಕಾರರ ಊರಾದ ರಬಕವಿಯಲ್ಲಿ ಗಂಜಿಗೇನು ಬರವೇ? ನೂಲಿಗೆ ಹಾಕುವ ಗಂಜಿ ಗಂಗವ್ವನ ಮನೆಯಲ್ಲಿ ದಿನವೂ ಕುದಿಯುತ್ತದೆ. ಸ್ವಲ್ಪ ಕೇಳಿದೆ. ಏತಕ್ಕೆಂದು ತಿಳಿದ ಮೇಲೆ ಅವಳು ಕೊಡಲಿಲ್ಲ.

"ನೇಯೋ ಕೈಗೆ ನಾವು ಅಡ್ಡ ಬರಂಗಿಲ್ರೀ ಬಾಯಾರ," ಎಂದಳು.

ಇದು ಜೇಡನಲ್ಲ, ನುಸಿ ಎಂದೆ.

"ಜೇಡನ ಪೈಕಿ ಹೌದೋ ಅಲ್ಲೋ, ಅಷ್ಟ ಹೇಳ್ರಿ."

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎಂಟು ಕಾಲಿನ ಪ್ರಾಣಿಗಳೆಲ್ಲ ಒಂದೇ ವರ್ಗದವೆಂದು ಪರೀಕ್ಷೆಯಲ್ಲಿ ಬರೆದವಳು ನಾನು. ದೂರದ ಪೈಕಿ ಎಂದೆ.

"ದೂರದ್ದಾದ್ರೇನ್ರೀ, ಪೈಕಿ ಪೈಕಿನ."

ಪಡಸಾಲೆಯಲ್ಲಿ ಬೇರು ಕುಟ್ಟುತ್ತಿದ್ದ ಕಾಕಾ ತಲೆ ಎತ್ತದೆ, "ಪರೀಕ್ಷಾದಾಗ ಪಾಸಾದಿ ತಂಗಿ, ಪಂಚಾಯ್ತಿಯೊಳಗ ಫೇಲ್," ಎಂದರು.

ಕೊನೆಗೆ ಅವಳ ಮಾವನ ಭೂತಗನ್ನಡಿಯನ್ನು ತರಿಸಿದೆ. ಬಟ್ಟೆಯ ಎಳೆ ಎಣಿಸಲು ನೇಕಾರರು ಇಡುವ, ಮಡಚಲು ಬರುವ ಸಣ್ಣ ಗಾಜು ಅದು. ನುಸಿಯ ಬಾಯಿ ತೋರಿಸಿ, ಅದು ರಸ ಹೀರುವ ಬಗೆ ವಿವರಿಸಬೇಕೆಂದು ನನ್ನ ಯೋಜನೆ. ಗಂಗವ್ವ ನುಸಿಯನ್ನು ನೋಡಲೇ ಇಲ್ಲ. ಸೀರೆಯ ಅಂಚು ಪರೀಕ್ಷಿಸುವವಳಂತೆ ಗಾಜನ್ನು ಬಲೆಯ ಉದ್ದಕ್ಕೂ ಸರಿಸಿದಳು. ಅವಳ ಹುಬ್ಬು ಗಂಟಿಕ್ಕಿತು.

"ಇದರಾಗ ಹಾಸು ಎಲ್ಲೈತ್ರಿ? ಹೊಕ್ಕು ಎಲ್ಲೈತ್ರಿ? ಜೇಡ ಎಳಿ ಎಳಿ ಅಳದು ಇಡತೈತಿ. ಇದು ನೇಯ್ಗಿ ಅಲ್ರೀ, ಬರೇ ಸಿಕ್ಕು." ಗಾಜು ಮಡಚಿದಳು. "ಇವು ನಮ್ಮ ಪೈಕಿ ಅಲ್ಲ."

ಪ್ರಾಣಿಗಳನ್ನು ಕಾಲೆಣಿಸಿ ವಿಂಗಡಿಸಿದ ಪಂಡಿತರಿಗೆ ಅವು ಮಾಡುವ ಕೆಲಸದ ಗುಣ ನೋಡಿಯೂ ವಿಂಗಡಿಸಬಹುದೆಂದು ಹೊಳೆದಿರಲಿಕ್ಕಿಲ್ಲ. ಆ ಪದ್ಧತಿ ಮನುಷ್ಯರಿಗೂ ಅನ್ವಯಿಸಿದರೆ ನಮ್ಮ ಬಂಧುಬಳಗದಲ್ಲಿ ಎಷ್ಟು ಜನ ಉಳಿದಾರು ಎಂಬ ಯೋಚನೆಯನ್ನು ನಾನು ಮುಂದುವರಿಸಲಿಲ್ಲ. ಕಾಕಾ ಎದುರಿಗೇ ಇದ್ದರು.

ಪೂರ್ತಿ ಕೆಟ್ಟ ಎಲೆಗಳನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದೆವು. ಗಂಗವ್ವ ಮೊದಲು ಗಿಡದಲ್ಲಿದ್ದ ನಿಜವಾದ ಜೇಡಗಳನ್ನು ಕಡ್ಡಿಯ ಮೇಲೆ ಹತ್ತಿಸಿ ಲಿಂಬೆಯ ಗಿಡಕ್ಕೆ ಕಳಿಸಿದಳು. ಅವು ನುಸಿಯನ್ನು ತಿನ್ನುತ್ತವೆಂದು ನಾನು ಹೇಳಿದಾಗ, ಸಂಬಂಧ ಇಲ್ಲವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದಳು. ಆಮೇಲೆ ಪ್ರತಿ ಎಲೆಯ ಬೆನ್ನಿಗೂ ತಿಳಿಗಂಜಿ ಹಚ್ಚಿ, ಮರುದಿನ ತೊಳೆದೆವು. ಮೊಟ್ಟೆಗಳು ಗಂಜಿಗೆ ಬಗ್ಗುವುದಿಲ್ಲ; ಮರಿ ಹೊರಬಿದ್ದಂತೆಲ್ಲ ಮತ್ತೆ ಮತ್ತೆ ಹಚ್ಚಬೇಕಾಯಿತು. ನೀರನ್ನು ಈಗ ಅವಳು ಎಲೆಯ ಅಡಿಗೇ ರಭಸದಿಂದ ಎರಚುತ್ತಿದ್ದಳು, ತುಸು ಸಿಟ್ಟಿನಿಂದಲೇ.

ತುದಿಗಳಲ್ಲಿ ಹಸಿರು ಚಿಗುರು ಬಂತು. ಸಾಹೇಬರೂ ಬಂದರು. ಗಂಜಿ ಹಚ್ಚಿದ ಸೊಪ್ಪನ್ನು ಅವರು ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ. ಗಿಡ ನಿಂತಿದೆ ಎಂದು ಬರೆದುಕೊಂಡು ನಿರಾಶೆಯಿಂದ ಹೋದರು. ಕಾಕಾ ಹೊಸ ಎಲೆಯ ಚೂರ್ಣ ಮಾಡಿ ಪಕ್ಕದ ಮನೆಗೆ ಕಳಿಸಿದರು.

ಕೆಲವು ದಿನಗಳ ಮೇಲೆ ಗಂಗವ್ವ ಬಾವಿಯ ಬಳಿ ಕೊಡ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಳು. ಮಾವ ಮುಂಜಾನೆ ಎದ್ದು ಮಗ್ಗದ ಕುಣಿಗೆ ಇಳಿದರಂತೆ. ತಾವು ಮಲಗಿದ್ದಷ್ಟು ದಿನ ಅವಳು ನೇಯ್ದದ್ದನ್ನು ನೋಡಿ, ಅಂಚು ಬಿಚ್ಚು, ಮೊದಲಿಂದ ಹಾಕು ಎಂದು ಶುರುವಾಗಿದ್ದಾರಂತೆ. "ಭಾಳ ಬೈಯಾಕತ್ತಾರ್ರೀ," ಎಂದಳು. ಅವಳ ನಗು ಹಿಡಿಯಲು ಸೆರಗು ಸಾಲಲಿಲ್ಲ.

ಕಾಕಾ ಆ ದಿನ ಅವರ ನಾಡಿ ನೋಡಲು ಹೋಗಲಿಲ್ಲ. ಗೋಡೆಯಾಚೆಯಿಂದ ಬೈಗುಳ ಚೆನ್ನಾಗಿ ಕೇಳುತ್ತಿತ್ತು.