ಎಂಜಿನ್ ಆಫ್ ಮಾಡದೆ ಕೂತ ಮನುಷ್ಯ

ಬೀದಿಗೆಲ್ಲ ಅವಳು ಟೈಲರಮ್ಮ. ಸ್ವಂತ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂತೇ ಮಗಳನ್ನು ಬೆಳೆಸಿದಳು, ಮದುವೆ ಮಾಡಿದಳು. ಗಂಡ ಹೋದ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದ್ದೂ ಆ ಯಂತ್ರವೇ. ಈಗ ಮಂಡಿ ನೋವಿನಿಂದಾಗಿ ಯಂತ್ರ ಮಗಳ ಪಾಲಾಗಿದೆ. ಹೊಲಿದ ಯೂನಿಫಾರಂಗಳನ್ನು ಶಾಲೆಗಳಿಗೆ ಮುಟ್ಟಿಸುವ ಕೆಲಸ ಟೈಲರಮ್ಮನದು, ಅದೂ ಗಂಡ ಬಿಟ್ಟುಹೋದ ಪುಟ್ಟ ಕಾರಿನಲ್ಲಿ.

ಗಂಡನ ಮೇಲೆ ಅವಳಿಗಿದ್ದದ್ದು ಒಂದೇ ಕೊರಗು. ಅವನು ಗುಡ್ಡದ ಮೇಲಿನ ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದ. ಸಂಜೆ ಮನೆ ಮುಂದೆ ನಿಲ್ಲಿಸಿದರೆ ಇಳಿಯುತ್ತಲೇ ಇರಲಿಲ್ಲ. ಎಂಜಿನ್ ಗುರ್ ಎನ್ನುತ್ತಿದ್ದರೆ ಇವನು ಸ್ಟೇರಿಂಗ್ ಮೇಲೆ ಕೈಯಿಟ್ಟು ಆರಾಮಾಗಿ ಕೂತಿರುತ್ತಿದ್ದ. ಕಿಟಕಿಯಿಂದ ನೋಡಿ ಇವಳ ಮೈಯೆಲ್ಲ ಉರಿಯುತ್ತಿತ್ತು.

"ಒಳಗೆ ಬರೋಕೆ ಮನಸ್ಸಿಲ್ವಾ? ಆ ಗಾಡಿ ಜೊತೆನೇ ಸಂಸಾರ ಮಾಡಿ!" ಎಂದು ಕೂಗುತ್ತಿದ್ದಳು. ಅವನು ಕೂತಲ್ಲಿಂದಲೇ ನಗುತ್ತಿದ್ದ. ಪುಣ್ಯಾತ್ಮ ಮಾತಿನಲ್ಲಿ ಮಹಾ ಜಿಪುಣ. ಹೆಂಡತಿ ಮುಖ ನೋಡಲು ಬೇಜಾರಾಗಿ ಹೊತ್ತು ಕಳೆಯುತ್ತಾನೆ ಎಂದೇ ಅವಳು ತಿಳಿದಳು. ಅವನು ಸತ್ತ ಮೇಲೂ ಆ ಮುಳ್ಳು ಎದೆಯಲ್ಲೇ ಉಳಿಯಿತು.

ಕಡೆಗೆ ಪುಟ್ಟ ಕಾರೂ ಕೈಕೊಟ್ಟಿತು. ಹೊಸದನ್ನು ಆರಿಸಲು ಅಳಿಯ ಅವಳನ್ನು, ಗಂಡನನ್ನು ಅಣ್ಣ ಎಂದೇ ಕರೆಯುತ್ತಿದ್ದ ಹಳೆಯ ಗ್ಯಾರೇಜಿನವನ ಹತ್ತಿರ ಕರೆದೊಯ್ದ.

"ಟರ್ಬೊ ತಗೊಳ್ಳಿ ಅತ್ತೆ. ಎಂಜಿನ್ ಚಿಕ್ಕದು, ಆದ್ರೆ ಏರಲ್ಲಿ ಹುಲಿ!" ಎಂದ ಅಳಿಯ.

"ಹುಲಿ ಸರಿ, ಸಾಕೋರು ಬೇಕಲ್ಲ?" ಗ್ಯಾರೇಜಿನವನು ಕೈ ಒರೆಸಿಕೊಂಡ. "ಹೊಗೆ ಹೊರಗೆ ಹೋಗೋ ರಭಸಕ್ಕೆ ಒಂದು ಚಕ್ರ ತಿರುಗಿ ಎಂಜಿನ್ನಿಗೆ ಗಾಳಿ ತುರುಕುತ್ತೆ ಅಕ್ಕ. ಅದಕ್ಕೇ ಆ ಜೋರು. ಆಯಿಲ್ ಮಾತ್ರ ಹೊತ್ತುಹೊತ್ತಿಗೆ ಬದಲಾಯಿಸ್ಬೇಕು. ಜೋರಾಗಿ ಓಡಿಸಿ ಬಂದ ತಕ್ಷಣ ಆಫ್ ಮಾಡಬಾರದು, ಚಕ್ರ ತಣ್ಣಗಾಗೋಕೆ ಸ್ವಲ್ಪ ಹೊತ್ತು ಎಂಜಿನ್ ಓಡ್ತಾ ಇರೋಕೆ ಬಿಡ್ಬೇಕು. ಟರ್ಬೊ ಇಲ್ಲದ್ದಕ್ಕೆ ಈ ರಗಳೆ ಇಲ್ಲ. ಏರಲ್ಲಿ ಏದುಸಿರು ಬಿಡುತ್ತೆ ನಿಜ, ಆದ್ರೆ ಕೆಡೋ ಸಾಮಾನೂ ಕಡಿಮೆ. ನಿಮ್ಮ ಓಡಾಟಕ್ಕೆ ಅದೇ ಸಾಕು."

ಟೈಲರಮ್ಮನ ಕಿವಿ ನೆಟ್ಟಗಾಯಿತು. "ಅವರ ಕಾರ್ಖಾನೆ ವ್ಯಾನು?"

"ಟರ್ಬೊನೇ. ಈ ಪಾಠ ಹೇಳಿಕೊಟ್ಟಿದ್ದೇ ಅಣ್ಣ."

ಹಾಗಾದರೆ ಅವನು ಕೂತದ್ದು ಎಂಜಿನ್ ತಣಿಸಲು, ತನ್ನ ಮೇಲಿನ ಬೇಜಾರಿಗಲ್ಲ! ಅವಳ ಎದೆ ಹಗುರಾಯಿತು. ಆದರೆ ಮರುಕ್ಷಣವೇ ಇನ್ನೊಂದು ನೆನಪಾಯಿತು. ಕೆಲಸ ಬಿಟ್ಟ ಮೇಲೆ ಪುಟ್ಟ ಕಾರಿನಲ್ಲೂ ಅವನು ಹಾಗೇ ಕೂರುತ್ತಿದ್ದನಲ್ಲ!

"ನಮ್ಮ ಕಾರಲ್ಲೂ ಟರ್ಬೊ ಇತ್ತಾ?" ಎಂದು ಕೇಳಿದಳು.

"ಎಲ್ಲಿ ಬಂತು? ನಾನೂ ಅಣ್ಣನ್ನ ಕೇಳಿದ್ದೆ, ಇದಕ್ಯಾಕೆ ಈ ಉಪಚಾರ ಅಂತ. 'ಎಂಜಿನ್ ನಿಂತ ಸದ್ದು ಕೇಳಿದ್ರೆ ಅವಳು ಹೊಲಿಗೆ ಅರ್ಧಕ್ಕೆ ಬಿಟ್ಟು ಕಾಫಿಗೆ ಏಳ್ತಾಳೆ ಕಣಯ್ಯ. ಅವಳ ಮಷೀನ್ ನಿಲ್ಲೋವರೆಗೂ ಕೂತಿರ್ತೀನಿ' ಅಂದ್ರು."

ಟೈಲರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳಿಯ ಗಾಬರಿಯಾಗಿ ನೀರು ತಂದ. "ಒಂದ್ಸಲ ಬಾಯಿ ಬಿಟ್ಟು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು!" ಎಂದು ಬೈಯುತ್ತಲೇ ಅತ್ತಳು.

ಟರ್ಬೊ ಇಲ್ಲದ ಕಾರೇ ಮನೆಗೆ ಬಂತು. ಮೊದಲ ದಿನ ಶಾಲೆಗಳನ್ನೆಲ್ಲ ಸುತ್ತಿ ಬಂದು ಟೈಲರಮ್ಮ ಮನೆ ಮುಂದೆ ನಿಲ್ಲಿಸಿದಳು. ಒಳಗೆ ಮಗಳು ಅಂಗಿಗೆ ತೋಳು ಕೂಡಿಸುತ್ತಿದ್ದಳು. ಕೀಲಿಗೆ ಹೋದ ಕೈ ತಾನಾಗಿಯೇ ಹಿಂದೆ ಬಂತು.

"ಅಮ್ಮಾ, ಒಳಗೆ ಬರೋಕೆ ಮನಸ್ಸಿಲ್ವಾ?" ಕಿಟಕಿಯಿಂದ ಮಗಳು ಕೂಗಿದಳು.

"ಬರ್ತೀನಿ ಕಣೇ. ನೀನು ಮೊದ್ಲು ಆ ತೋಳು ಮುಗಿಸು."